ಗೆರೆ ಮತ್ತು ಒಪ್ಪಿಗೆ: ಗಡಿ ತಕರಾರಿರುವ ನೆರೆರಾಷ್ಟ್ರಗಳ ರಾಜಿಯ ಸಾಧ್ಯತೆಗಳು

ಒಂದೇ ನೆಲದ ಮೇಲೆ ಹಕ್ಕು ಸಾಧಿಸುತ್ತ ತಲೆಮಾರುಗಳಿಂದ ಹಗೆ ಬೆಳೆಸಿಕೊಂಡು ಬಂದ ಎರಡು ನೆರೆಯ ದೇಶಗಳು ರಾಜಿಯಾಗಬಲ್ಲವೇ ಎಂಬ ಪ್ರಶ್ನೆಗೆ ವಿದ್ವಾಂಸರು ಸಾಮಾನ್ಯವಾಗಿ ಎರಡು ದಿಕ್ಕಿನಿಂದ ಉತ್ತರ ಹುಡುಕುತ್ತಾರೆ. ಹಳೆಯ ಒಪ್ಪಂದ, ನಕ್ಷೆ, ಸನ್ನದುಗಳನ್ನು ಪರಿಶೀಲಿಸಿ ನೆಲ ಯಾರಿಗೆ ಸೇರಿದ್ದೆಂದು ನಿಷ್ಪಕ್ಷಪಾತವಾಗಿ ತೀರ್ಮಾನಿಸಿದರೆ ಅರ್ಧ ಕೆಲಸ ಮುಗಿಯಿತೆಂದು ಅಂತರರಾಷ್ಟ್ರೀಯ ಕಾನೂನಿನ ಅಭ್ಯಾಸಿಗಳು ನಂಬುತ್ತಾರೆ. ರಾಜತಾಂತ್ರಿಕ ಇತಿಹಾಸವನ್ನು ಬರೆಯುವವರು ಇಬ್ಬರು ಧೈರ್ಯಶಾಲಿ ನಾಯಕರು ಸರಿಯಾದ ಗಳಿಗೆಯಲ್ಲಿ ಎದುರುಬದುರು ಕುಳಿತದ್ದಕ್ಕೆ ಹೆಚ್ಚಿನ ಮಹತ್ವ ಕೊಡುತ್ತಾರೆ. ಎರಡು ನೋಟಗಳಿಗೂ ಆಧಾರವುಂಟು. ಆದರೆ ಅಂತಿಮ ತೀರ್ಪು ಬಂದು ಹದಿನಾರು ವರ್ಷ ಕಳೆದರೂ ಜಾರಿಯಾಗದೆ ಉಳಿದ ಗಡಿಯಿದೆ, ನಾಯಕರು ವಿಮಾನನಿಲ್ದಾಣದಲ್ಲಿ ಅಪ್ಪಿಕೊಂಡ ಬಳಿಕವೂ ಮತ್ತೆ ಕೆಲವೇ ತಿಂಗಳಲ್ಲಿ ಮುಚ್ಚಿಹೋದ ಗಡಿಯಿದೆ, ಹಾಗೆಯೇ ಒಪ್ಪಂದಕ್ಕೆ ಸಹಿ ಹಾಕಿದ ಇಬ್ಬರು ಅಧ್ಯಕ್ಷರೂ ಅಧಿಕಾರ ಕಳೆದುಕೊಂಡು ದೇಶ ಬಿಟ್ಟ ಮೇಲೂ ಅಲುಗದೆ ನಿಂತ ಗಡಿಯೂ ಇದೆ. ಈ ವ್ಯತ್ಯಾಸದ ಕಾರಣ ಗೆರೆ ಎಲ್ಲಿ ಬಿದ್ದಿತೆಂಬುದರಲ್ಲಿ ಸಿಗುವುದಿಲ್ಲ. ಗೆರೆಯಿಂದ ನಷ್ಟಪಟ್ಟ ಸರ್ಕಾರ ತನ್ನ ಸಂಸತ್ತು, ಸೇನೆ ಮತ್ತು ಗಡಿನಾಡಿನ ಜನರೆದುರು ಅದನ್ನು ಸಮರ್ಥಿಸಿಕೊಂಡು ಉಳಿಯಬಲ್ಲ ಏರ್ಪಾಟು ಒಪ್ಪಂದದೊಳಗೇ ಇತ್ತೇ ಇಲ್ಲವೇ ಎಂಬುದರಲ್ಲಿ ಸಿಗುತ್ತದೆ ಎಂಬುದು ಈ ಉಪನ್ಯಾಸದ ಪ್ರತಿಪಾದನೆ.

ಮುಂದುವರಿಯುವ ಮೊದಲು ಮೂರು ಹಂತಗಳನ್ನು ಬೇರ್ಪಡಿಸಿಕೊಳ್ಳುವುದು ಒಳ್ಳೆಯದು. ಗುಂಡಿನ ಸದ್ದು ನಿಲ್ಲುವುದು ಕದನವಿರಾಮ. ನೆಲದ ಹಕ್ಕು ಕಾನೂನಿನ ಪ್ರಕಾರ ನಿಶ್ಚಯವಾಗಿ ಗಡಿಕಲ್ಲು ನೆಡುವುದು ಗಡಿ ಇತ್ಯರ್ಥ. ಎರಡು ದೇಶಗಳ ಸರ್ಕಾರಗಳು ಒಂದನ್ನೊಂದು ಶತ್ರುವೆಂದು ಬಗೆದು ತಮ್ಮ ಬಜೆಟ್ಟು, ಪಠ್ಯಪುಸ್ತಕ, ಚುನಾವಣೆಗಳನ್ನು ನಡೆಸುವುದನ್ನು ಬಿಡುವುದು ರಾಜಕೀಯ ರಾಜಿ. ಮೊದಲನೆಯದರಿಂದ ಮೂರನೆಯದಕ್ಕೆ ನೇರ ಮೆಟ್ಟಿಲಿದೆಯೆಂಬ ಗ್ರಹಿಕೆ ವ್ಯಾಪಕವಾಗಿದ್ದರೂ ಅದು ನಿಜವಲ್ಲ. ಎರಡನೆಯ ಹಂತದಲ್ಲಿ ಮುಗ್ಗರಿಸಿದವರೇ ಹೆಚ್ಚು.

ಈ ವಿಚಾರವನ್ನು ಪರೀಕ್ಷಿಸಲು ದಕ್ಷಿಣ ಅಮೆರಿಕದ ಪೆರು ಮತ್ತು ಈಕ್ವೆಡಾರ್‌ಗಳ ಉದಾಹರಣೆಯಷ್ಟು ತಕ್ಕದ್ದು ಬೇರೆ ಸಿಗುವುದು ಕಷ್ಟ. ಎರಡೂ ಸ್ಪೇನಿನ ವಸಾಹತುಗಳಾಗಿದ್ದವು. ಸ್ವಾತಂತ್ರ್ಯ ಬಂದ ಗಳಿಗೆಯಲ್ಲಿ ವಸಾಹತು ಆಡಳಿತದ ಒಳಗಡಿಗಳು ಎಲ್ಲಿದ್ದವೋ ಅವೇ ಹೊಸ ದೇಶಗಳ ಗಡಿಗಳಾಗತಕ್ಕದ್ದೆಂಬ ತತ್ತ್ವವನ್ನು ಆ ಖಂಡದ ಗಣರಾಜ್ಯಗಳು ಒಪ್ಪಿಕೊಂಡಿದ್ದವು. ಆದರೆ ಆ ಒಳಗಡಿ ಯಾವುದೆಂಬುದೇ ವಿವಾದ. ಈಕ್ವೆಡಾರ್ 1563ರಲ್ಲಿ ಕೀಟೋ ಪ್ರಾಂತವನ್ನು ಸ್ಥಾಪಿಸಿದ ಸ್ಪೇನಿನ ರಾಜಾಜ್ಞೆಯನ್ನು ಮುಂದಿಟ್ಟರೆ, ಪೆರು ಅಮೆಜಾನ್ ಜಲಾನಯನದ ಮೈನಾಸ್ ಪ್ರದೇಶವನ್ನು ಲಿಮಾದ ಆಡಳಿತಕ್ಕೆ ವರ್ಗಾಯಿಸಿದ 1802ರ ರಾಜಾಜ್ಞೆಯನ್ನು ತೋರಿಸುತ್ತಿತ್ತು. ದಟ್ಟ ಕಾಡಿನ, ಬಹುಪಾಲು ಯಾರೂ ಅಳೆದಿರದ ನೆಲದ ಬಗ್ಗೆ ನೂರು ವರ್ಷಕ್ಕೂ ಮಿಕ್ಕಿ ನಡೆದ ಈ ದಾಖಲೆಗಳ ಜಗಳದಲ್ಲಿ ಆ ಕಾಡಿನಲ್ಲೇ ವಾಸಿಸುತ್ತಿದ್ದ ಶುವಾರ್, ಅವಾಹುನ್, ವಾಂಪಿಸ್ ಜನಾಂಗಗಳ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಗಡಿ ವಿವಾದಗಳ ಚರಿತ್ರೆಯಲ್ಲಿ ಇದು ಎಷ್ಟು ಸಾಮಾನ್ಯವೆಂದರೆ ಅದನ್ನು ಎತ್ತಿ ಹೇಳದಿದ್ದರೆ ಗಮನಕ್ಕೇ ಬರುವುದಿಲ್ಲ.

1941ರ ಜುಲೈನಲ್ಲಿ ಯುದ್ಧ ನಡೆಯಿತು. ಪೆರುವಿನ ಸೇನೆ ಈಕ್ವೆಡಾರಿನ ದಕ್ಷಿಣದ ಎಲ್ ಓರೋ ಪ್ರಾಂತವನ್ನು ಆಕ್ರಮಿಸಿತು. ಆ ವರ್ಷದ ಕೊನೆಗೆ ಪರ್ಲ್ ಹಾರ್ಬರ್ ಮೇಲೆ ಜಪಾನಿನ ದಾಳಿಯಾಗಿ ಅಮೆರಿಕ ಮಹಾಯುದ್ಧಕ್ಕೆ ಇಳಿದದ್ದರಿಂದ, ಖಂಡದ ಒಗ್ಗಟ್ಟಿನ ಸಲುವಾಗಿ ರಿಯೊ ಡಿ ಜನೈರೊದಲ್ಲಿ ಸೇರಿದ ವಿದೇಶಾಂಗ ಸಚಿವರಿಗೆ ಈ ಜಗಳ ಬೇಗ ಮುಗಿದರೆ ಸಾಕಾಗಿತ್ತು. 1942ರ ಜನವರಿ 29ರಂದು ಸಹಿಯಾದ ರಿಯೊ ಒಪ್ಪಂದದಿಂದ ಈಕ್ವೆಡಾರ್ ತನ್ನದೆಂದು ಹೇಳಿಕೊಳ್ಳುತ್ತಿದ್ದ ಅಮೆಜಾನ್ ಪ್ರದೇಶದ ಬಹುಭಾಗದ ಆಸೆಯನ್ನು ಬಿಡಬೇಕಾಯಿತು. ಅರ್ಜೆಂಟೀನಾ, ಬ್ರೆಜಿಲ್, ಚಿಲಿ ಮತ್ತು ಅಮೆರಿಕ ಸಂಯುಕ್ತ ಸಂಸ್ಥಾನಗಳು ಖಾತರಿ ರಾಷ್ಟ್ರಗಳಾಗಿ, ಅಂದರೆ ಒಪ್ಪಂದ ಪೂರ್ಣವಾಗಿ ಜಾರಿಯಾಗುವವರೆಗೆ ಅದರ ಹೊಣೆ ಹೊತ್ತ ಮೂರನೆಯ ಪಕ್ಷಗಳಾಗಿ ಸಹಿ ಹಾಕಿದವು. ಶತ್ರುಸೇನೆ ತನ್ನ ನೆಲದಲ್ಲಿರುವಾಗಲೇ ಸಹಿ ಹಾಕಬೇಕಾದ ಈಕ್ವೆಡಾರಿನಲ್ಲಿ ಅದರ ಪರಿಣಾಮ ಬೇಗ ಕಂಡಿತು: 1944ರ ಮೇ ತಿಂಗಳಲ್ಲಿ ಅಧ್ಯಕ್ಷ ಅರೊಯೋ ದೆಲ್ ರಿಯೊ ಜನರ ದಂಗೆಗೆ ಸಿಕ್ಕಿ ಅಧಿಕಾರ ಕಳೆದುಕೊಂಡರು, ಅವರ ಮೇಲಿದ್ದ ಆರೋಪಗಳಲ್ಲಿ ಈ ಒಪ್ಪಂದವೂ ಸೇರಿತ್ತು. ಅಲ್ಲಿಂದ ಮುಂದೆ ರಿಯೊ ಒಪ್ಪಂದವನ್ನು ಮನಸಾರೆ ಒಪ್ಪುವ ಎದೆಗಾರಿಕೆ ಅರ್ಧ ಶತಮಾನದವರೆಗೆ ಕೀಟೋದ ಯಾವ ಸರ್ಕಾರಕ್ಕೂ ಬರಲಿಲ್ಲ.

ಇಷ್ಟರ ನಡುವೆ ಭೂಗೋಳವೂ ಒಂದು ನೆಪ ಒದಗಿಸಿತು. ಒಪ್ಪಂದದ ಒಂದು ಕಲಮಿನ ಪ್ರಕಾರ ಕಾಂಡೋರ್ ಪರ್ವತಶ್ರೇಣಿಯ ಭಾಗದಲ್ಲಿ ಸಮೋರಾ ಮತ್ತು ಸಾಂಟಿಯಾಗೋ ನದಿಗಳ ನಡುವಣ ಜಲವಿಭಾಜಕ, ಅಂದರೆ ಬಿದ್ದ ಮಳೆನೀರು ಎರಡು ನದಿಗಳ ಕಡೆಗೆ ಇಬ್ಭಾಗವಾಗಿ ಹರಿಯುವ ಏಣು, ಗಡಿಯಾಗಬೇಕಿತ್ತು. ಅಮೆರಿಕದ ವಾಯುಪಡೆ ನಲವತ್ತರ ದಶಕದಲ್ಲಿ ವಿಮಾನದಿಂದ ಚಿತ್ರ ತೆಗೆದು ನಕ್ಷೆ ಸಿದ್ಧಪಡಿಸಿದಾಗ, ಎರಡು ನದಿಗಳ ನಡುವೆ ಸೆನೆಪಾ ಎಂಬ ಮೂರನೆಯ ನದಿಯು ಎಣಿಸಿದ್ದಕ್ಕಿಂತ ಬಹಳ ಉದ್ದವಾಗಿ ಹರಿಯುತ್ತಿದೆಯೆಂದೂ, ಹಾಗಾಗಿ ಒಪ್ಪಂದ ಹೇಳುವ ಒಂದೇ ಏಣು ಅಲ್ಲಿಲ್ಲವೆಂದೂ ಗೊತ್ತಾಯಿತು. ಗಡಿಯ ಬಹುಪಾಲಿಗೆ ಆ ಹೊತ್ತಿಗೆ ಕಲ್ಲು ನೆಟ್ಟಾಗಿತ್ತು, ಉಳಿದದ್ದು 78 ಕಿಲೋಮೀಟರ್ ಮಾತ್ರ. ಈಕ್ವೆಡಾರ್ ಮೊದಲು ಆ ಭಾಗದಲ್ಲಿ ಒಪ್ಪಂದ ಜಾರಿಮಾಡಲಾಗದೆಂದಿತು. 1960ರಲ್ಲಿ ಅಧ್ಯಕ್ಷ ವೆಲಾಸ್ಕೋ ಇಬಾರಾ ಇಡೀ ಒಪ್ಪಂದವೇ ಶೂನ್ಯವೆಂದು ಸಾರಿದರು. ಎಪ್ಪತ್ತೆಂಟು ಕಿಲೋಮೀಟರ್ ಕಾಡಿನ ಏಣಿಗಾಗಿ ಎರಡು ದೇಶಗಳು 1981ರಲ್ಲಿ ಒಮ್ಮೆ, 1995ರಲ್ಲಿ ಮತ್ತೊಮ್ಮೆ ಕಾದಾಡಿದವು ಎಂದರೆ ಹೊರಗಿನವರಿಗೆ ಹುಚ್ಚೆನಿಸಬಹುದು. ಈಕ್ವೆಡಾರಿಗೆ ಮಾತ್ರ ಆ 78 ಕಿಲೋಮೀಟರ್ 1942ರ ಇಡೀ ಅವಮಾನವನ್ನು ಮತ್ತೆ ವಿಚಾರಣೆಗೆ ತರಲು ಉಳಿದಿದ್ದ ಏಕೈಕ ಬಾಗಿಲಾಗಿತ್ತು.

1995ರ ಸೆನೆಪಾ ಯುದ್ಧದ ಫಲ ವಿಚಿತ್ರವಾದದ್ದು. ಈಕ್ವೆಡಾರಿನ ಸೇನೆ ಟಿವಿನ್ಸಾ ಎಂಬ ಕಾಡಿನ ಠಾಣೆಯಲ್ಲಿ ಪಟ್ಟು ಹಿಡಿದು ನಿಂತಿತು. ಒಂದು ಹೆಜ್ಜೆಯೂ ಹಿಂದಿಡುವುದಿಲ್ಲವೆಂಬ ಅಧ್ಯಕ್ಷ ಸಿಕ್ಸ್ತೋ ಡುರಾನ್ ಬಲ್ಯೇನ್ ಅವರ ಘೋಷಣೆ ದೇಶದ ತುಂಬ ಹಬ್ಬಿತು. ಇತ್ತ ಏಪ್ರಿಲ್ ಚುನಾವಣೆ ಎದುರಿಸಬೇಕಿದ್ದ ಪೆರುವಿನ ಅಧ್ಯಕ್ಷ ಆಲ್ಬರ್ಟೋ ಫುಜಿಮೊರಿ ಫೆಬ್ರವರಿಯಲ್ಲೇ ಟಿವಿನ್ಸಾ ತಮ್ಮ ವಶವಾಯಿತೆಂದು ಸಾರಿದರು. ಟಿವಿನ್ಸಾ ನಿಖರವಾಗಿ ಎಲ್ಲಿದೆಯೆಂಬ ಬಗ್ಗೆಯೇ ಎರಡೂ ಕಡೆ ಒಮ್ಮತವಿಲ್ಲದ್ದರಿಂದ ಇಬ್ಬರೂ ಗೆದ್ದೆವೆನ್ನುವುದು ಸಾಧ್ಯವಾಯಿತು. ಈ ಗೊಂದಲವನ್ನು ನಗೆಯ ವಿಷಯವಾಗಿ ನೋಡುವವರು ಅದರ ರಾಜಕೀಯ ಬೆಲೆಯನ್ನು ಮರೆಯುತ್ತಾರೆ: 1941ರ ಬಳಿಕ ಮೊದಲ ಬಾರಿಗೆ ಈಕ್ವೆಡಾರಿನ ಸೇನೆ ತಾನು ಸೋಲಲಿಲ್ಲವೆಂದು ತನ್ನ ಜನರಿಗೆ ಹೇಳಬಲ್ಲ ಸ್ಥಿತಿಗೆ ಬಂದಿತ್ತು, ಸೋತವನ ಮೇಲೆ ಹೇರಿದ ಕಾಗದವೆನ್ನುವ ಹಳೆಯ ಆಕ್ಷೇಪ ಮುಂದಿನ ಒಪ್ಪಂದಕ್ಕೆ ತಟ್ಟದಂತಾಗಿತ್ತು.

ಫೆಬ್ರವರಿ 17ರಂದು ಬ್ರೆಜಿಲಿನ ವಿದೇಶಾಂಗ ಕಚೇರಿಯಾದ ಇಟಮರಾಟಿಯಲ್ಲಿ ಶಾಂತಿ ಘೋಷಣೆಗೆ ಸಹಿಯಾಯಿತು. ನಾಲ್ಕು ಖಾತರಿ ರಾಷ್ಟ್ರಗಳ ಸೇನಾ ವೀಕ್ಷಕರು ಗಡಿಗೆ ಬಂದು ಎರಡೂ ಪಡೆಗಳನ್ನು ಬೇರ್ಪಡಿಸಿದರು, ಅವರ ಖರ್ಚನ್ನು ಕಾದಾಡಿದ ಎರಡು ದೇಶಗಳೇ ಭರಿಸಬೇಕೆಂದು ಗೊತ್ತುಮಾಡಲಾಯಿತು. ಬೇರೆಯವರ ಹಣದಲ್ಲಿ ನಡೆಯುವ ಶಾಂತಿಪಾಲನೆ ಎಷ್ಟು ವರ್ಷ ಬೇಕಾದರೂ ಎಳೆಯಬಹುದು. ತನ್ನ ಬೊಕ್ಕಸದಿಂದ ಕೊಡಬೇಕಾದಾಗ ಅವಸರ ತಾನಾಗಿ ಬರುತ್ತದೆ. ಆಮೇಲಿನ ಮೂರು ವರ್ಷ ನಡೆದದ್ದು ಬೇಸರ ತರಿಸುವಷ್ಟು ನಿಧಾನವಾದ ಕೆಲಸ. ಎರಡೂ ಕಡೆಯವರು ತಮ್ಮ ಆಕ್ಷೇಪಗಳ ಪಟ್ಟಿಯನ್ನು ಬರಹದಲ್ಲಿ ವಿನಿಮಯ ಮಾಡಿಕೊಂಡರು. 1998ರ ಜನವರಿಯಲ್ಲಿ ಕೆಲಸವನ್ನು ನಾಲ್ಕು ಸಮಿತಿಗಳಿಗೆ ಹಂಚಲಾಯಿತು: ವ್ಯಾಪಾರ ಮತ್ತು ನದಿಸಂಚಾರ, ಗಡಿನಾಡಿನ ಅಭಿವೃದ್ಧಿ, ಸೇನೆಗಳ ನಡುವಣ ವಿಶ್ವಾಸವರ್ಧನೆ, ಕೊನೆಯದಾಗಿ ಗಡಿಕಲ್ಲು. ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ನಾಲ್ಕರಲ್ಲಿ ಒಂದಾಗಿ ಕುಳಿತುಕೊಂಡಿತು, ಉಳಿದ ಮೂರು ಸಮಿತಿಗಳು ಸೇರಿಸುತ್ತಿದ್ದ ಲಾಭಗಳು ಅದರ ಮೇಲೆ ಒತ್ತಡ ಹಾಕತೊಡಗಿದವು.

1998ರ ಆಗಸ್ಟ್‌ನಲ್ಲಿ ಗಡಿಯಲ್ಲಿ ಮತ್ತೆ ಸೇನೆಗಳು ಜಮಾಯಿಸಿದ್ದಾಗ, ಕೀಟೋ ನಗರದ ಮೇಯರ್ ಆಗಿದ್ದ ಹಮೀಲ್ ಮವಾದ್ ಆ ತಿಂಗಳ 10ರಂದು ಈಕ್ವೆಡಾರಿನ ಅಧ್ಯಕ್ಷರಾದರು. ಕೆಲವೇ ದಿನಗಳಲ್ಲಿ, ಪರಾಗ್ವೆಯ ಹೊಸ ಅಧ್ಯಕ್ಷರ ಪದಗ್ರಹಣದ ನೆಪದಲ್ಲಿ ಅಸುನ್ಸಿಯೋನ್‌ನಲ್ಲಿ ಅವರು ಫುಜಿಮೊರಿಯವರನ್ನು ಭೇಟಿಯಾದರು. ಸಂಧಾನಶಾಸ್ತ್ರದ ಪ್ರಸಿದ್ಧ ಅಧ್ಯಾಪಕ, ಹಾರ್ವರ್ಡಿನ ರೋಜರ್ ಫಿಶರ್ ಅವರ ಸಲಹೆಯ ಮೇರೆಗೆ, ಇಬ್ಬರೂ ಕ್ಯಾಮೆರಾದ ಕಡೆ ನೋಡಿ ಕೈಕುಲುಕುವ ಎಂದಿನ ಚಿತ್ರಕ್ಕೆ ಬದಲಾಗಿ, ಪಕ್ಕಪಕ್ಕದಲ್ಲಿ ಕುಳಿತು ಒಂದೇ ಹಾಳೆಯನ್ನು ನೋಡುತ್ತಿರುವ ಚಿತ್ರ ಪತ್ರಿಕೆಗಳಿಗೆ ಹೋಯಿತು. ಎರಡು ದೇಶಗಳ ಓದುಗರು ಮೊದಲ ಬಾರಿಗೆ ತಮ್ಮ ಅಧ್ಯಕ್ಷ ಶತ್ರುವಿನ ಜೊತೆ ಕೂತು ಲೆಕ್ಕ ಬಿಡಿಸುತ್ತಿರುವುದನ್ನು ಕಂಡರು. ಅಷ್ಟೇ ಮುಖ್ಯವಾಗಿ, ಮವಾದ್ ಹಿಂದಿನ ಸರ್ಕಾರದ ವಿದೇಶಾಂಗ ಸಚಿವ ಹೊಸೆ ಅಯಾಲಾ ಲಾಸೊ ಅವರನ್ನು ಬದಲಿಸಲಿಲ್ಲ. ಸರ್ಕಾರ ಬದಲಾದರೂ ಸಂಧಾನದ ನೆನಪು ಹಾಗೇ ಉಳಿಯಿತು.

ಅಧ್ಯಕ್ಷರಿಬ್ಬರೂ ಕೊನೆಯ ಗಂಟನ್ನು ತಾವು ಬಿಡಿಸಲಾರೆವೆಂದು ಖಾತರಿ ರಾಷ್ಟ್ರಗಳಿಗೆ ಒಪ್ಪಿಸಿದಾಗ ಅವು ಒಂದು ಷರತ್ತು ಹಾಕಿದವು: ತೀರ್ಮಾನ ಏನೇ ಬರಲಿ, ಅದಕ್ಕೆ ಬದ್ಧರಾಗುತ್ತೇವೆಂದು ಎರಡೂ ದೇಶಗಳ ಸಂಸತ್ತುಗಳು ತೀರ್ಮಾನವನ್ನು ನೋಡುವ ಮೊದಲೇ ಮತ ಹಾಕಬೇಕು. 1998ರ ಅಕ್ಟೋಬರ್ ಮಧ್ಯದಲ್ಲಿ ಎರಡೂ ಸಂಸತ್ತುಗಳು ಹಾಗೆ ಮತ ಹಾಕಿದವು. ಇಡೀ ಪ್ರಕರಣದಲ್ಲಿ ಅತ್ಯಂತ ಜಾಣ್ಮೆಯ ನಡೆ ಇದೇ. ತೀರ್ಮಾನ ಕಂಡ ಮೇಲೆ ಮತ ಕೇಳಿದ್ದರೆ ಪ್ರತಿಯೊಬ್ಬ ಸದಸ್ಯನೂ ತನ್ನ ಪಾಲಿಗೆ ಬಂದ ನಷ್ಟವನ್ನು ತೋರಿಸಿ ವಿರೋಧಿಸುವುದು ಸುಲಭವಾಗುತ್ತಿತ್ತು. ಕಾಣುವ ಮೊದಲೇ ಮತ ಹಾಕಿದ್ದರಿಂದ ಹೊಣೆ ಅಧ್ಯಕ್ಷನೊಬ್ಬನ ತಲೆಗೆ ಬೀಳದೆ ವಿರೋಧಪಕ್ಷಗಳಿಗೂ ಹಂಚಿಕೆಯಾಯಿತು. ಪ್ರಜಾಪ್ರಭುತ್ವದ ದೃಷ್ಟಿಯಿಂದ ಇದನ್ನು ಕಣ್ಣು ಕಟ್ಟಿಸಿ ಹಾಕಿಸಿಕೊಂಡ ಮತವೆಂದು ಟೀಕಿಸಬಹುದು, ಟೀಕಿಸಿದವರೂ ಇದ್ದಾರೆ. ಆದರೂ 1942ರಲ್ಲಿ ವಿದೇಶಾಂಗ ಸಚಿವನೊಬ್ಬ ಪರದೇಶದ ಸಮ್ಮೇಳನದಲ್ಲಿ ಹಾಕಿದ ಸಹಿಗಿಂತ ಅದು ಎಷ್ಟೋ ಮೇಲು.

ಅಕ್ಟೋಬರ್ 26ರಂದು ಬ್ರೆಸಿಲಿಯಾದಲ್ಲಿ ಸಹಿಯಾದ ಅಂತಿಮ ದಾಖಲೆಯ ಪ್ರಕಾರ ಗಡಿ ಮೂಲತಃ ಪೆರು ಹೇಳುತ್ತಿದ್ದ ಏಣಿನ ಮೇಲೆಯೇ ಬಿದ್ದಿತು. ಅಂದರೆ ಕಾನೂನಿನ ವಾದದಲ್ಲಿ ಪೆರು ಗೆದ್ದಿತು, ಟಿವಿನ್ಸಾ ಪೆರುವಿನ ನೆಲವಾಯಿತು. ಆದರೆ ಟಿವಿನ್ಸಾದಲ್ಲಿ ಒಂದು ಚದರ ಕಿಲೋಮೀಟರ್ ಜಾಗವನ್ನು ಪೆರು ಸರ್ಕಾರ ಈಕ್ವೆಡಾರ್ ಸರ್ಕಾರಕ್ಕೆ ಖಾಸಗಿ ಆಸ್ತಿಯಾಗಿ ಶಾಶ್ವತವಾಗಿ ಬಿಟ್ಟುಕೊಡಬೇಕು. ಅಲ್ಲಿಗೆ ಹೋಗಿಬರಲು ಈಕ್ವೆಡಾರಿನಿಂದ ದಾರಿ ಇರಬೇಕು. ಪೆರು ಅದನ್ನು ಸ್ವಾಧೀನಪಡಿಸಿಕೊಳ್ಳುವಂತಿಲ್ಲ. ಆದರೆ ಮೊದಲೇ ಗೊತ್ತುಮಾಡಿಕೊಂಡ ಸ್ಮರಣೆಯ ಸಮಾರಂಭಗಳನ್ನು ಬಿಟ್ಟರೆ ಈಕ್ವೆಡಾರಿನ ಸೇನೆಯಾಗಲಿ ಪೊಲೀಸರಾಗಲಿ ಅಲ್ಲಿರುವಂತಿಲ್ಲ. ಇಲ್ಲಿ ಎರಡು ಪರಿಕಲ್ಪನೆಗಳನ್ನು ಬಿಡಿಸಿ ನೋಡಬೇಕು. ಸಾರ್ವಭೌಮತ್ವವೆಂದರೆ ಒಂದು ನೆಲದ ಮೇಲೆ ಕಾನೂನು ಮಾಡುವ, ತೆರಿಗೆ ಹಾಕುವ, ಅಪರಾಧಿಯನ್ನು ಹಿಡಿಯುವ ಅಧಿಕಾರ. ಸ್ವಾಮ್ಯವೆಂದರೆ ಆ ಕಾನೂನಿನ ಕೆಳಗೆ ನೆಲವನ್ನು ಹೊಂದಿ ಅನುಭವಿಸುವ ಹಕ್ಕು. ರೈತನ ಹೊಲದ ಪಹಣಿ ಅವನ ಹೆಸರಿನಲ್ಲಿದ್ದರೂ ಹೊಲ ಸರ್ಕಾರದ ಕಾನೂನಿನ ಹೊರಗೆ ಹೋಗುವುದಿಲ್ಲವಷ್ಟೆ. ಟಿವಿನ್ಸಾದಲ್ಲಿ ಈಕ್ವೆಡಾರ್ ಗಣರಾಜ್ಯವೇ ಪೆರುವಿನ ಒಬ್ಬ ಜಮೀನುದಾರನಾಯಿತು. ತನ್ನ ಸೈನಿಕರು ಸತ್ತ ನೆಲ ತನ್ನ ಹೆಸರಿನಲ್ಲಿದೆಯೆಂದು ಕೀಟೋ ಹೇಳಬಹುದು, ಒಂದಿಂಚು ನೆಲವನ್ನೂ ಬಿಟ್ಟುಕೊಟ್ಟಿಲ್ಲವೆಂದು ಲಿಮಾ ಹೇಳಬಹುದು, ಎರಡು ಮಾತೂ ನಿಜ. ಗಡಿಯ ಎರಡೂ ಬದಿಗೆ ಹೊಂದಿಕೊಂಡಂತೆ ಸಂರಕ್ಷಿತ ಅರಣ್ಯಗಳು ಆಗಬೇಕೆಂದೂ, ಈಕ್ವೆಡಾರಿಗೆ ಅಮೆಜಾನ್ ಮತ್ತು ಅದರ ಉಪನದಿಗಳಲ್ಲಿ ಸಂಚಾರದ ಹಕ್ಕು ಹಾಗೂ ಪೆರುವಿನ ನದಿತೀರದಲ್ಲಿ ಎರಡು ವ್ಯಾಪಾರ ಕೇಂದ್ರಗಳು ದೊರೆಯಬೇಕೆಂದೂ ನಿಶ್ಚಯವಾಯಿತು. ಕೊನೆಯ ಗಡಿಕಲ್ಲು 1999ರ ಮೇ 13ರಂದು ನಿಂತಿತು.

ಇದೆಲ್ಲ ವಿರೋಧವಿಲ್ಲದೆ ನಡೆಯಿತೆಂದು ಭಾವಿಸಬಾರದು. ಪೆರುವಿನ ವಿದೇಶಾಂಗ ಸಚಿವ ಎಡ್ವಾರ್ಡೊ ಫೆರೆರೊ ರಾಜೀನಾಮೆ ಕೊಟ್ಟರು. ಈಕ್ವೆಡಾರಿಗೆ ಅಮೆಜಾನ್ ತೀರದಲ್ಲಿ ವ್ಯಾಪಾರ ಕೇಂದ್ರ ಕೊಟ್ಟದ್ದಕ್ಕೆ ಇಕಿಟೋಸ್ ನಗರದಲ್ಲಿ ಹಿಂಸಾತ್ಮಕ ಪ್ರತಿಭಟನೆ ನಡೆಯಿತು. ಗೆದ್ದ ದೇಶದ ಗಡಿನಾಡಿನವರೇ ದಂಗೆಯೆದ್ದರೆಂಬುದು ಗಮನಾರ್ಹ. ತರುವಾಯ ಆ ಕೇಂದ್ರಗಳ ಬಳಕೆಯಾದದ್ದು ಬಹಳ ಕಡಿಮೆ. ಗಡಿನಾಡಿನ ಅಭಿವೃದ್ಧಿಗೆ ಹತ್ತು ವರ್ಷದಲ್ಲಿ 300 ಕೋಟಿ ಡಾಲರ್ ಕೂಡಿಸುವ ಗುರಿಯಿಟ್ಟ ಜಂಟಿ ಯೋಜನೆಗೂ ಅಷ್ಟು ಹಣ ಹರಿದುಬರಲಿಲ್ಲ. ಮವಾದ್ 2000ದ ಜನವರಿಯಲ್ಲಿ ಬ್ಯಾಂಕ್ ಬಿಕ್ಕಟ್ಟಿನ ಆಕ್ರೋಶಕ್ಕೆ ಸಿಕ್ಕಿ ಪದಚ್ಯುತರಾದರು, ಅದೇ ವರ್ಷದ ನವೆಂಬರಿನಲ್ಲಿ ಭ್ರಷ್ಟಾಚಾರದ ಹಗರಣಗಳ ನಡುವೆ ಫುಜಿಮೊರಿ ಜಪಾನಿನಿಂದಲೇ ರಾಜೀನಾಮೆ ಕಳಿಸಿದರು. ಅವರ ನಂತರ ಬಂದವರಲ್ಲಿ ಎಲ್ಲ ಬಣ್ಣದವರೂ ಇದ್ದರು, ಮವಾದ್ ವಿರುದ್ಧ ಎದ್ದ ಸೇನಾಧಿಕಾರಿ ಲೂಸಿಯೊ ಗುಟಿಯೆರೆಸ್ ಸಹ ಅಧ್ಯಕ್ಷರಾದರು. ಒಬ್ಬರೂ ಗಡಿಯನ್ನು ಕೆದಕಲಿಲ್ಲ. ಎರಡು ದೇಶಗಳ ವ್ಯಾಪಾರ ಹಲವು ಪಟ್ಟು ಬೆಳೆಯಿತು. ನೆಲಬಾಂಬುಗಳನ್ನು ಹೆಕ್ಕಿ ತೆಗೆಯುವ ಕೆಲಸ ಮಾತ್ರ ಎರಡು ದಶಕ ದಾಟಿದರೂ ಮುಗಿಯಲಿಲ್ಲ. ಯುದ್ಧದ ಭಯದಿಂದ ಯಾರೂ ಮುಟ್ಟದಿದ್ದ ಕಾಂಡೋರ್ ಶ್ರೇಣಿಗೆ ಶಾಂತಿಯ ಬೆನ್ನಿಗೆ ತಾಮ್ರ ಮತ್ತು ಚಿನ್ನದ ಗಣಿ ಕಂಪನಿಗಳು ಬಂದವು, ಸರ್ಕಾರಗಳ ನಡುವಣ ರಾಜಿಯ ಬೆಲೆಯನ್ನು ಶುವಾರ್ ಮತ್ತು ಅವಾಹುನ್ ಜನರು ಈಗಲೂ ತೆರುತ್ತಿದ್ದಾರೆ. ಈ ಒಪ್ಪಂದದ ಪ್ರಶಂಸಕರು ಬಹುಮಟ್ಟಿಗೆ ಬಿಟ್ಟುಬಿಡುವ ಅಧ್ಯಾಯ ಇದು.

ಈ ಚಿತ್ರದ ಪಕ್ಕದಲ್ಲಿ ಇಥಿಯೋಪಿಯಾ ಮತ್ತು ಎರಿಟ್ರಿಯಾಗಳನ್ನು ಇಟ್ಟು ನೋಡಬೇಕು. 1993ರಲ್ಲಿ ಜನಮತಗಣನೆಯ ಮೂಲಕ ಇಥಿಯೋಪಿಯಾದಿಂದ ಬೇರ್ಪಟ್ಟ ಎರಿಟ್ರಿಯಾ, 1998ರ ಮೇ ತಿಂಗಳಲ್ಲಿ ಬಾದ್ಮೆ ಎಂಬ ಸಣ್ಣ ಊರಿನ ಸುತ್ತ ಶುರುವಾದ ಘರ್ಷಣೆಯಿಂದ ಎರಡು ವರ್ಷದ ಭೀಕರ ಯುದ್ಧಕ್ಕೆ ಇಳಿಯಿತು. ಸತ್ತವರು ಹತ್ತಾರು ಸಾವಿರ. 2000ದ ಡಿಸೆಂಬರ್ 12ರ ಆಲ್ಜಿಯರ್ಸ್ ಒಪ್ಪಂದದ ಮೇರೆಗೆ ರಚನೆಯಾದ ಗಡಿ ಆಯೋಗ, ಇಟಲಿಯು ಇಥಿಯೋಪಿಯಾದೊಡನೆ 1900, 1902 ಮತ್ತು 1908ರಲ್ಲಿ ಮಾಡಿಕೊಂಡಿದ್ದ ವಸಾಹತುಕಾಲದ ಒಪ್ಪಂದಗಳನ್ನು ಆಧಾರವಾಗಿಟ್ಟುಕೊಂಡು 2002ರ ಏಪ್ರಿಲ್ 13ರಂದು ಅಂತಿಮವೂ ಬಂಧಕವೂ ಆದ ತೀರ್ಪು ಕೊಟ್ಟಿತು. ಕಾನೂನಿನ ಕೆಲಸವಾಗಿ ಅದರಲ್ಲಿ ಹೆಚ್ಚಿನ ಕೊರತೆಯಿರಲಿಲ್ಲ. ಆದರೆ ಯುದ್ಧಕ್ಕೆ ಕಾರಣವಾದ ಬಾದ್ಮೆ ಯಾರ ಪಾಲಾಯಿತೆಂದು ತೀರ್ಪು ನೇರವಾಗಿ ಹೇಳಲಿಲ್ಲ. ಗೆರೆಯ ನಿರ್ದೇಶಾಂಕಗಳನ್ನು ಕೊಟ್ಟಿತೇ ಹೊರತು ಊರಿನ ಸ್ಥಾನವನ್ನು ಗುರುತಿಸಲಿಲ್ಲ. ಬಾದ್ಮೆ ತಮಗೇ ಸಿಕ್ಕಿತೆಂದು ಇಥಿಯೋಪಿಯಾದ ವಿದೇಶಾಂಗ ಸಚಿವ ಸೆಯೂಮ್ ಮೆಸ್ಫಿನ್ ಪ್ರಕಟಿಸಿಯೂ ಬಿಟ್ಟರು. ಅದು ಎರಿಟ್ರಿಯಾದ ಕಡೆ ಬಿದ್ದಿದೆಯೆಂದು ಆಮೇಲೆ ಸ್ಪಷ್ಟವಾದಾಗ ಆ ಪ್ರಕಟಣೆಯನ್ನು ನುಂಗಲಾಗದೆ ಸರ್ಕಾರ ತೀರ್ಪನ್ನೇ ನಿರಾಕರಿಸಿತು.

ಯುದ್ಧದಲ್ಲಿ ಮೇಲುಗೈ ಸಾಧಿಸಿದ್ದ ಇಥಿಯೋಪಿಯಾಕ್ಕೆ, ಸಾವಿರಾರು ಸೈನಿಕರ ಬಲಿ ಕೊಟ್ಟು ಮರಳಿ ಪಡೆದ ಊರನ್ನು ಕಾಗದದ ಮೇಲೆ ಕಳೆದುಕೊಂಡದ್ದಕ್ಕೆ ಪ್ರತಿಯಾಗಿ ಜನರಿಗೆ ತೋರಿಸಲು ಏನೂ ಇರಲಿಲ್ಲ. ಟಿವಿನ್ಸಾದಂಥ ಉಪಾಯಕ್ಕೆ ಆಯೋಗದ ಅಧಿಕಾರವ್ಯಾಪ್ತಿಯಲ್ಲಿ ಜಾಗವೇ ಇರಲಿಲ್ಲ. ನ್ಯಾಯಪ್ರಜ್ಞೆಗೆ ತಕ್ಕಂತೆ ಗೆರೆಯನ್ನು ಅತ್ತಿತ್ತ ಸರಿಸಬಾರದೆಂದು ಒಪ್ಪಂದವೇ ಕಟ್ಟುನಿಟ್ಟಾಗಿ ವಿಧಿಸಿತ್ತು. ಕಾಗದದಲ್ಲಿ ಗೆದ್ದು ನೆಲದಲ್ಲಿ ಸೋತ ಎರಿಟ್ರಿಯಾದಲ್ಲಿ ಅಧ್ಯಕ್ಷ ಇಸಾಯಾಸ್ ಅಫ್ವೆರ್ಕಿ ಅದೇ ಕಾರಣ ಹೇಳಿ ಸಂವಿಧಾನವನ್ನು ಜಾರಿಗೆ ತರಲಿಲ್ಲ, ಯುವಜನರನ್ನು ಕೊನೆಯಿಲ್ಲದ ಸೇನಾಸೇವೆಯಲ್ಲಿ ಕಟ್ಟಿಹಾಕಿದರು. ಒಂದು ತಕರಾರು ಎರಡು ಸರ್ಕಾರಗಳಿಗೂ ಉಪಯೋಗಕ್ಕೆ ಬರತೊಡಗಿದ ಮೇಲೆ ಅದು ತಾನಾಗಿ ಸಾಯುವುದಿಲ್ಲ. ಆಯೋಗದ ವರದಿ ಬಂದ ಮಾತ್ರಕ್ಕೆ ಗಡಿ ತಕರಾರು ಮುಗಿಯುವುದಿಲ್ಲವೆಂಬುದು, ದೇಶದೊಳಗಿನ ಮಟ್ಟದಲ್ಲಾದರೂ ಸರಿ, ಕರ್ನಾಟಕ ಮಹಾರಾಷ್ಟ್ರ ಗಡಿಯ ಕುರಿತ ಮಹಾಜನ ವರದಿಯ ಕಥೆ ಬಲ್ಲ ಕನ್ನಡಿಗರಿಗೆ ಬಿಡಿಸಿ ಹೇಳಬೇಕಾದ ಮಾತಲ್ಲ.

2018ರಲ್ಲಿ ಇಥಿಯೋಪಿಯಾದ ಪ್ರಧಾನಿಯಾದ ಅಬಿ ಅಹ್ಮದ್ ಗಡಿ ಆಯೋಗದ ತೀರ್ಪನ್ನು ಪೂರ್ಣವಾಗಿ ಒಪ್ಪುವುದಾಗಿ ಸಾರಿ, ಜುಲೈನಲ್ಲಿ ಅಸ್ಮಾರಕ್ಕೆ ಹೋಗಿ ಇಸಾಯಾಸರನ್ನು ಅಪ್ಪಿಕೊಂಡರು; ಮುಂದಿನ ವರ್ಷ ನೊಬೆಲ್ ಶಾಂತಿ ಪ್ರಶಸ್ತಿ ಪಡೆದರು. ಸೆಪ್ಟೆಂಬರಿನಲ್ಲಿ ಗಡಿದಾರಿಗಳು ತೆರೆದಾಗ ಇಪ್ಪತ್ತು ವರ್ಷ ದೂರವಾಗಿದ್ದ ಕುಟುಂಬಗಳು ಒಂದಾದವು, ಆ ಸಂತೋಷ ನಿಜವಾದದ್ದು. ಆದರೆ ಸಹಿಯಾದ ದಾಖಲೆಯಲ್ಲಿದ್ದದ್ದು ಕೆಲವೇ ಸಾಲು. ಗಡಿಕಲ್ಲು ಯಾರು ಯಾವಾಗ ನೆಡಬೇಕು, ಸುಂಕ ಹೇಗೆ, ಎರಡು ನಾಣ್ಯಗಳ ವಿನಿಮಯ ಹೇಗೆ ಎಂಬ ವಿವರಗಳಿರಲಿಲ್ಲ, ಖಾತರಿ ರಾಷ್ಟ್ರಗಳಿರಲಿಲ್ಲ, ಸಂಸತ್ತಿನಲ್ಲಿ ಚರ್ಚೆಯಾಗಿರಲಿಲ್ಲ. ಬಾದ್ಮೆಯ ಆಡಳಿತ ನಡೆಸುತ್ತಿದ್ದ ಟಿಗ್ರಾಯ್ ಪ್ರಾಂತದವರನ್ನಾಗಲಿ, ಗೆರೆಯಿಂದ ಇಬ್ಭಾಗವಾಗುವ ಇರೋಬ್ ಎಂಬ ಸಣ್ಣ ಜನಾಂಗವನ್ನಾಗಲಿ ಯಾರೂ ಕೇಳಲಿಲ್ಲ. ತೆರೆದ ದಾರಿಗಳು ಒಂದೊಂದಾಗಿ ಮುಚ್ಚಿದವು. 2020ರ ನವೆಂಬರಿನಲ್ಲಿ ಟಿಗ್ರಾಯ್ ಯುದ್ಧ ಶುರುವಾದಾಗ ಎರಿಟ್ರಿಯಾದ ಸೇನೆ ಅಬಿಯವರ ಪರವಾಗಿ ಟಿಗ್ರಾಯ್‌ಗೆ ನುಗ್ಗಿತು, ಎರಡು ದೇಶಗಳ ಸ್ನೇಹಕ್ಕೆ ಮೂರನೆಯವರು ಬಲಿಯಾದರು. 2022ರಲ್ಲಿ ಪ್ರಿಟೋರಿಯಾದಲ್ಲಿ ಆ ಯುದ್ಧಕ್ಕೆ ತೆರೆಯೆಳೆದ ಒಪ್ಪಂದಕ್ಕೆ ಎರಿಟ್ರಿಯಾ ಪಕ್ಷವೇ ಆಗಿರಲಿಲ್ಲ, ಮರುವರ್ಷ ಅಬಿ ಕೆಂಪು ಸಮುದ್ರಕ್ಕೆ ದಾರಿ ಬೇಕೆಂಬ ಮಾತೆತ್ತಿದಾಗ ಹಳೆಯ ಹಗೆ ಹೊಸ ಹೆಸರಿನಲ್ಲಿ ಮರಳಿತು.

ಭಾರತದ ಅನುಭವದಲ್ಲಿ ಎರಡೂ ಬಗೆಯ ಪಾಠಗಳಿವೆ. 1965ರ ಏಪ್ರಿಲ್‌ನಲ್ಲಿ ಕಛ್ ರಣದಲ್ಲಿ ಭಾರತ ಪಾಕಿಸ್ತಾನಗಳ ನಡುವೆ ನಡೆದ ಘರ್ಷಣೆ ಬ್ರಿಟನ್ನಿನ ಮಧ್ಯಸ್ಥಿಕೆಯಿಂದ ನಿಂತು, ವಿಷಯ ಮೂವರು ಸದಸ್ಯರ ನ್ಯಾಯಮಂಡಳಿಗೆ ಹೋಯಿತು. ಸ್ವೀಡನ್ನಿನ ನ್ಯಾಯಾಧೀಶ ಗುನ್ನಾರ್ ಲಾಗರ್‌ಗ್ರೆನ್ ಅಧ್ಯಕ್ಷರು. ಭಾರತ ಯುಗೋಸ್ಲಾವಿಯಾದವರೊಬ್ಬರನ್ನೂ ಪಾಕಿಸ್ತಾನ ಇರಾನಿನವರೊಬ್ಬರನ್ನೂ ಹೆಸರಿಸಿದ್ದವು. ಅದೇ ಸೆಪ್ಟೆಂಬರಿನಲ್ಲಿ ಪೂರ್ಣ ಯುದ್ಧ ನಡೆದರೂ ಮಂಡಳಿಯ ಏರ್ಪಾಟು ಮುರಿಯಲಿಲ್ಲ. 1968ರ ಫೆಬ್ರವರಿ 19ರ ತೀರ್ಪಿನಲ್ಲಿ ಪಾಕಿಸ್ತಾನಕ್ಕೆ ಅದು ಕೇಳಿದ ಪ್ರದೇಶದ ಸುಮಾರು ಹತ್ತನೆಯ ಒಂದು ಭಾಗ ಸಿಕ್ಕಿತು, ಉಳಿದದ್ದು ಭಾರತದಲ್ಲೇ ಉಳಿಯಿತು. ಸಂಸತ್ತಿನಲ್ಲೂ ಕಛ್‌ನಲ್ಲೂ ಪ್ರತಿಭಟನೆಯಾಯಿತು, ಪ್ರಕರಣ ಸುಪ್ರೀಂ ಕೋರ್ಟಿಗೂ ಹೋಯಿತು. ಇದು ದೇಶದ ನೆಲವನ್ನು ಪರರಿಗೆ ಒಪ್ಪಿಸುವ ವಿಷಯವಲ್ಲ, ಅನಿಶ್ಚಿತವಾಗಿದ್ದ ಗಡಿಯನ್ನು ನಿಶ್ಚಯಿಸುವ ವಿಷಯ, ಆದ್ದರಿಂದ ಸಂವಿಧಾನ ತಿದ್ದುಪಡಿ ಬೇಕಿಲ್ಲವೆಂದು ನ್ಯಾಯಾಲಯ 1969ರಲ್ಲಿ ಹೇಳಿತು. ಕೊಡುವುದಕ್ಕೂ ಗುರುತಿಸುವುದಕ್ಕೂ ನ್ಯಾಯಾಲಯ ಎಳೆದ ಈ ವ್ಯತ್ಯಾಸವೇ ಇಂದಿರಾ ಗಾಂಧಿ ಸರ್ಕಾರಕ್ಕೆ ಬೇಕಾಗಿದ್ದ ಆಸರೆ.

ಬಾಂಗ್ಲಾದೇಶದೊಡನೆ ಆಸರೆ ಸಿಗಲು ನಲವತ್ತೊಂದು ವರ್ಷ ಹಿಡಿಯಿತು. 1974ರ ಮೇ 16ರ ಇಂದಿರಾ ಮುಜೀಬ್ ಒಪ್ಪಂದವನ್ನು ಬಾಂಗ್ಲಾದೇಶ ಅದೇ ವರ್ಷ ತನ್ನ ಸಂವಿಧಾನಕ್ಕೆ ತಿದ್ದುಪಡಿ ತಂದು ಅನುಮೋದಿಸಿದರೆ, ಭಾರತ 2015ರಲ್ಲಿ ನೂರನೆಯ ತಿದ್ದುಪಡಿಯ ಮೂಲಕ ಅನುಮೋದಿಸಿತು. ಬಾಂಗ್ಲಾದೇಶದೊಳಗೆ ದ್ವೀಪಗಳಂತೆ ಸಿಕ್ಕಿಕೊಂಡಿದ್ದ 111 ಭಾರತೀಯ ತುಣುಕುಗಳು, ಭಾರತದೊಳಗಿದ್ದ 51 ಬಾಂಗ್ಲಾ ತುಣುಕುಗಳು ಜುಲೈ 31ರ ಮಧ್ಯರಾತ್ರಿ ಕೈಬದಲಾದವು. ಎಕರೆ ಲೆಕ್ಕದಲ್ಲಿ ಭಾರತ 17,160 ಬಿಟ್ಟು 7,110 ಪಡೆಯಿತು. ಈ ಅಂಕಿಗಳನ್ನು ಮಾತ್ರ ನೋಡಿದರೆ ಯಾವ ಸರ್ಕಾರವೂ ಚುನಾವಣೆ ಎದುರಿಸಲಾಗದು. ಆದರೆ ಆ ನೆಲಕ್ಕೆ ಭಾರತದ ಪೊಲೀಸರಾಗಲಿ ಮಾಸ್ತರರಾಗಲಿ ಕಾಲಿಡಲಾಗುತ್ತಿರಲಿಲ್ಲ, ಅಲ್ಲಿಯ ಮಕ್ಕಳು ಶಾಲೆಗೆ ಸೇರಲು ಪಕ್ಕದ ದೇಶದ ಸುಳ್ಳು ವಿಳಾಸ ಬರೆಸಬೇಕಿತ್ತು. ಹೀಗಾಗಿ ಇದು ಕಾಗದದ ಮೇಲಿನ ನಷ್ಟ ಮಾತ್ರವೆಂಬ ವಾದ ನಿಂತಿತು. ಯಾವ ದೇಶದ ಪೌರತ್ವ ಬೇಕೆಂಬ ಆಯ್ಕೆಯನ್ನು ನಿವಾಸಿಗಳಿಗೇ ಬಿಟ್ಟದ್ದು ಆ ವಾದಕ್ಕೆ ಬಲ ಕೊಟ್ಟಿತು. ಹಿಂದೆ ವಿರೋಧಪಕ್ಷದಲ್ಲಿದ್ದಾಗ ಮಸೂದೆಗೆ ಅಡ್ಡಿ ಮಾಡಿದ್ದ ಪಕ್ಷವೇ ಅಧಿಕಾರಕ್ಕೆ ಬಂದು ಅದನ್ನು ಪಾಸು ಮಾಡಿಸಿದ್ದರಿಂದ ವಿರೋಧಿಸುವವರು ಉಳಿಯಲಿಲ್ಲ.

ಕಾಶ್ಮೀರದ ವಿಷಯದಲ್ಲಿ 2004ರಿಂದ 2007ರವರೆಗೆ ಮನಮೋಹನ್ ಸಿಂಗ್ ಮತ್ತು ಪರ್ವೇಜ್ ಮುಷರಫ್ ಅವರ ದೂತರು ಗುಟ್ಟಾಗಿ ರೂಪಿಸಿದ ಸೂತ್ರದ ಒಳತಿರುಳು ಟಿವಿನ್ಸಾದ್ದಕ್ಕಿಂತ ಬಹಳ ಬೇರೆಯಲ್ಲ: ಗಡಿ ಬದಲಾಗುವುದಿಲ್ಲ, ಆದರೆ ನಿಯಂತ್ರಣ ರೇಖೆಯ ಎರಡೂ ಕಡೆಯವರು ಓಡಾಡಬಹುದು, ವ್ಯಾಪಾರ ಮಾಡಬಹುದು, ಸೇನೆ ಹಂತಹಂತವಾಗಿ ಹಿಂದೆ ಸರಿಯಬೇಕು. 2005ರಲ್ಲಿ ಶ್ರೀನಗರ ಮುಜಫ್ಫರಾಬಾದ್ ಬಸ್ಸು, 2008ರಲ್ಲಿ ರೇಖೆಯಾಚೆಗಿನ ವ್ಯಾಪಾರ ಆರಂಭವಾದವು. ಅಷ್ಟರಲ್ಲಿ 2007ರ ಮಾರ್ಚ್‌ನಲ್ಲಿ ಮುಖ್ಯ ನ್ಯಾಯಮೂರ್ತಿಯನ್ನು ಅಮಾನತು ಮಾಡಲು ಹೋಗಿ ಮುಷರಫ್ ವಕೀಲರ ಚಳವಳಿಗೆ ಸಿಕ್ಕಿಬಿದ್ದಿದ್ದರು, ಸೂತ್ರ ಅವರೊಂದಿಗೇ ಹೋಯಿತು. ಅದರ ಸೋಲಿಗೆ ಮುಷರಫ್ ಪತನವನ್ನೇ ಕಾರಣವಾಗಿ ಹೇಳುವುದು ವಾಡಿಕೆ. ಮವಾದ್ ಮತ್ತು ಫುಜಿಮೊರಿಯವರ ಪತನ ಬ್ರೆಸಿಲಿಯಾ ಒಪ್ಪಂದವನ್ನು ಕೆಡವಲಿಲ್ಲವೆಂಬುದನ್ನು ನೆನೆದರೆ ಈ ವಿವರಣೆ ಸಾಲದು. ದೆಹಲಿಯ ಸಂಸತ್ತಿಗಾಗಲಿ ಇಸ್ಲಾಮಾಬಾದಿನ ಸಂಸತ್ತಿಗಾಗಲಿ ಆ ಸೂತ್ರ ಗೊತ್ತೇ ಇರಲಿಲ್ಲ. ಯಾರ ಸಮ್ಮತಿಯನ್ನೂ ಪಡೆಯದ ಸೂತ್ರವನ್ನು ಯಾರೂ ಕಾಪಾಡಬೇಕಾಗಿಯೂ ಇರಲಿಲ್ಲ.

2025ರ ಏಪ್ರಿಲ್‌ನ ಪಹಲ್ಗಾಮ್ ಹತ್ಯಾಕಾಂಡ, ಸಿಂಧೂ ನದಿ ಒಪ್ಪಂದವನ್ನು ಭಾರತ ತಡೆಹಿಡಿದದ್ದು, ಮೇ ತಿಂಗಳ ನಾಲ್ಕು ದಿನದ ಸೈನಿಕ ಸಂಘರ್ಷ, ಇವುಗಳ ನಂತರ ಕಾಶ್ಮೀರದ ಬಗ್ಗೆ ಸೂತ್ರಗಳನ್ನು ಮಂಡಿಸುವುದು ಅಕಾಲಿಕ. ಶಿಮ್ಲಾ ಒಪ್ಪಂದದ ಕಾಲದಿಂದ ಭಾರತ ಮೂರನೆಯವರ ಪಾತ್ರವನ್ನು ಒಪ್ಪುವುದಿಲ್ಲವಾದ್ದರಿಂದ ಖಾತರಿ ರಾಷ್ಟ್ರಗಳ ದಾರಿಯೂ ಇಲ್ಲಿ ಮುಚ್ಚಿದೆ. ಸದ್ಯಕ್ಕೆ ಹಿಡಿಯಬಹುದಾದ ಕೆಲಸವಿದ್ದರೆ ಅದು ಸರ್ ಕ್ರೀಕ್‌ನಲ್ಲಿದೆ. ಕಛ್ ಮತ್ತು ಸಿಂಧ್‌ಗಳ ನಡುವೆ ಸುಮಾರು 96 ಕಿಲೋಮೀಟರ್ ಉದ್ದಕ್ಕೆ ಚಾಚಿರುವ, 1968ರ ತೀರ್ಪಿನ ವ್ಯಾಪ್ತಿಗೆ ಬರದೆ ಉಳಿದ ಈ ಕೆಸರಿನ ಅಳಿವೆಯಲ್ಲಿ ಗಡಿ ನಡುನೀರಿನಲ್ಲಿದೆಯೆಂದು ಭಾರತವೂ ಪೂರ್ವದ ದಡದಲ್ಲಿದೆಯೆಂದು ಪಾಕಿಸ್ತಾನವೂ ಹೇಳುತ್ತವೆ. ಎರಡೂ ವಾದಗಳು 1914ರ ಬಾಂಬೆ ಸರ್ಕಾರದ ನಿರ್ಣಯವೊಂದನ್ನೇ ಆಧರಿಸಿವೆ. 2007ರಲ್ಲಿ ಎರಡೂ ದೇಶಗಳು ಜಂಟಿ ಸಮೀಕ್ಷೆ ನಡೆಸಿ ನಕ್ಷೆಗಳನ್ನು ವಿನಿಮಯ ಮಾಡಿಕೊಂಡಿವೆ. ಅಲ್ಲಿ ಊರಿಲ್ಲ, ಟಿವಿನ್ಸಾದಂತೆ ಹುತಾತ್ಮರ ನೆಲವೂ ಅಲ್ಲ. ಗೆರೆ ಗೊತ್ತಿಲ್ಲದೆ ಅಡ್ಡದಾಟಿ ವರ್ಷಗಟ್ಟಲೆ ಕರಾಚಿಯಲ್ಲೋ ಗುಜರಾತಿನಲ್ಲೋ ಜೈಲಿನಲ್ಲಿ ಕೊಳೆಯುವ ಎರಡೂ ದಡದ ಬೆಸ್ತರು ಮಾತ್ರ ಇದ್ದಾರೆ. ಗಡಿ ಕೆಲವು ನೂರು ಮೀಟರ್ ಅತ್ತಿತ್ತ ಬಿದ್ದರೆ ಅದು ನೆಲ ಕೊಟ್ಟದ್ದಲ್ಲ, ಅನಿಶ್ಚಿತವಾಗಿದ್ದನ್ನು ನಿಶ್ಚಯಿಸಿದ್ದು ಎಂದು ಸಮರ್ಥಿಸಿಕೊಳ್ಳಲು 1969ರ ತೀರ್ಪು ಭಾರತದ ಸರ್ಕಾರದ ಕೈಯಲ್ಲಿ ಈಗಾಗಲೇ ಇದೆ. ಪಾಕಿಸ್ತಾನದ ಸರ್ಕಾರಕ್ಕೆ ಅಂಥ ಆಸರೆ ಯಾವುದಾಗಬಲ್ಲದು, ಅಳಿವೆಯ ಬಾಯಿಯಿಂದಾಚೆಗಿನ ಸಮುದ್ರದ ಪಾಲಿನಲ್ಲಿ ಅದನ್ನು ಒದಗಿಸಬಹುದೇ ಎಂಬುದು 2012ರ ಜೂನ್‌ನಲ್ಲಿ ದೆಹಲಿಯಲ್ಲಿ ನಡೆದ ಮಾತುಕತೆಯ ನಂತರ ಯಾರೂ ಕೈಗೆತ್ತಿಕೊಳ್ಳದೆ ಬಿಟ್ಟಿರುವ ಪ್ರಶ್ನೆ.